ಮೀಸೆ ತೆಗೆದ ಕೈ

ನನ್ನ ಅಪ್ಪನ ಮೀಸೆ ಬೋಳಿಸಿದವಳು ನಾನು. ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸಕ್ಕಿದ್ದ ಮಲ್ಲಪ್ಪ ಅಲ್ಲ. ಅಪ್ಪನ ಜೀವ ಹೋಗಿ ಎರಡು ಗಂಟೆ ಕಳೆಯುವುದರೊಳಗೆ, ಬಾಗಿಲು ಮುಚ್ಚಿಕೊಂಡು, ಅಪ್ಪನದೇ ರೇಜರಿನಿಂದ ನಾನೇ ತೆಗೆದೆ. ತೆಗೆದು, ಆ ತಪ್ಪನ್ನು ಮಲ್ಲಪ್ಪನ ತಲೆಗೆ ಕಟ್ಟಿದೆ. ಒಂಬತ್ತು ವರ್ಷ ಅದು ಅಲ್ಲೇ ಇತ್ತು.

ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವಾಗ ಅಡ್ಡದಾರಿ ಹಿಡಿಯಲು ನನಗೆ ಆಗುವುದಿಲ್ಲ. ಅದಕ್ಕೇ ಮೊದಲು ಹೇಳಿದೆ.

ನನ್ನ ಹೆಸರು ನಂದಾ. ಪಣಜಿಯ ಒಂದು ಶಾಲೆಯಲ್ಲಿ ಬಹಳ ವರ್ಷ ಚಿತ್ರಕಲೆ ಕಲಿಸಿದೆ. ಈಗ ಫೋಂಡಾದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ವ್ಯಕ್ತಿಗಳ ಪ್ರತಿಮೆ ಮಾಡುತ್ತೇನೆ. ತೀರಿಕೊಂಡವರ ಮಕ್ಕಳು ಫೋಟೋ ಹಿಡಿದುಕೊಂಡು ಬರುತ್ತಾರೆ, ನಾನು ಆ ಮುಖವನ್ನು ಮಣ್ಣಿನಲ್ಲಿ ಎಬ್ಬಿಸಿ, ಅಚ್ಚು ತೆಗೆದು, ಕಂಚಿನ ಎರಕಕ್ಕೆ ಕಳಿಸುತ್ತೇನೆ. ನನ್ನ ಕೆಲಸ ನನಗೆ ಚೆನ್ನಾಗಿ ಬರುತ್ತದೆ—ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಕೆಲಸ ಬಾರದವಳು ಗಾಬರಿಯಲ್ಲಿ ಮಾಡಿದ ತಪ್ಪು ಇದಾಗಿದ್ದರೆ ಕತೆ ಬೇರೆ ಇರುತ್ತಿತ್ತು. ಇದು ಕೆಲಸ ಬಲ್ಲವಳು, ಏನು ಮಾಡುತ್ತಿದ್ದೇನೆಂದು ತಿಳಿದೇ ಮಾಡಿದ್ದು.

ಅಪ್ಪ ಧಾರವಾಡದಿಂದ ಇಪ್ಪತ್ತೆರಡರ ಹರೆಯದಲ್ಲಿ ಗೋವೆಗೆ ಬಂದವರು. ಮುರ್ಮುಗಾಂವ್ ಬಂದರಿನಲ್ಲಿ, ಹಡಗಿಗೆ ಅದಿರು ತುಂಬುವ ಕಡೆ, ನಿವೃತ್ತಿಯಾಗುವವರೆಗೂ ಮೇಲ್ವಿಚಾರಕರಾಗಿದ್ದರು. ಅವರ ಮೀಸೆ ಬಂದರಿಗೆಲ್ಲ ಗೊತ್ತಿತ್ತು. ದಪ್ಪ ಮೀಸೆ, ತುದಿಗಳು ತುಸು ಮೇಲಕ್ಕೆದ್ದದ್ದು. ಸಂಜೆ ಮನೆಗೆ ಬರುವಾಗ ಅದರ ಮೇಲೆ ಅದಿರಿನ ಕೆಂಪು ಧೂಳು ಕೂತು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು. ಅವ್ವ ಬಾಗಿಲಲ್ಲೇ ಒದ್ದೆ ಟವೆಲ್ ಕೊಡುತ್ತಿದ್ದಳು. ಒರೆಸಿಕೊಂಡ ಮೇಲೆ ಟವೆಲ್ಲಿನಲ್ಲಿ ಮೀಸೆಯದೇ ಆಕಾರ ಮೂಡಿರುತ್ತಿತ್ತು. ಅದನ್ನು ನೋಡಿ ಅಣ್ಣ ಸುಧೀರ, ನಾನು ಇಬ್ಬರೂ ನಗುತ್ತಿದ್ದೆವು. ಭಾನುವಾರ ಬೆಳಿಗ್ಗೆ ಕಿಟಕಿಗೆ ಕನ್ನಡಿ ಸಿಗಿಸಿ, ಬೆರಳುದ್ದದ ಕತ್ತರಿ ಹಿಡಿದು ಅರ್ಧ ಗಂಟೆ ಅದನ್ನು ತಿದ್ದುತ್ತಿದ್ದರು. ಆ ಅರ್ಧ ಗಂಟೆ ಮನೆಯಲ್ಲಿ ಯಾರು ಮಾತಾಡಿಸಿದರೂ ಉತ್ತರ ಇಲ್ಲ.

ಆ ಮುಖವನ್ನು ಮಣ್ಣಿನಲ್ಲಿ ಮಾಡಲು ಮೂರು ಸಲ ಕೂತೆ. ಮೂರು ಸಲವೂ ಸೋತೆ. ಎರಡನೆಯ ಸಲ ಅಪ್ಪ ಶೆಡ್ಡಿಗೆ ಬಂದು, ಪ್ರತಿಮೆಯ ಸುತ್ತ ಒಂದು ಸುತ್ತು ಹಾಕಿ, “ಭಾಳ ಚಲೋ ಆಗೇತವಾ. ಯಾರದಿದು?” ಎಂದರು. ಚೇಷ್ಟೆಗೆ ಅಂದದ್ದಲ್ಲ, ನಿಜವಾಗಿಯೂ ಕೇಳಿದರು. ಅವರು ಆಚೆ ಹೋದ ಮೇಲೆ ಆ ಮಣ್ಣನ್ನು ಮುದ್ದೆ ಮಾಡಿ ಡ್ರಮ್ಮಿಗೆ ಹಾಕಿದೆ. ಬೇರೆಯವರ ಮುಖದಲ್ಲಿ ನಾನು ಎಲುಬು ನೋಡುತ್ತೇನೆ, ಕೆನ್ನೆಯ ತೂಕ ನೋಡುತ್ತೇನೆ. ಅಪ್ಪನ ಮುಖದಲ್ಲಿ ನನಗೆ ಅಪ್ಪನೇ ಕಾಣುತ್ತಿದ್ದರು—ಎಲುಬು ಕಾಣುತ್ತಿರಲಿಲ್ಲ. ಊರಿನವರ ಅಪ್ಪಂದಿರನ್ನೆಲ್ಲ ಮಾಡಿಕೊಡುವ ನನಗೆ ನನ್ನ ಅಪ್ಪನನ್ನು ಮಾಡಲಾಗಲಿಲ್ಲ ಎಂಬುದು ಒಳಗೇ ಒಂದು ಹಟವಾಗಿ ಕೂತಿತು. ಪ್ರೀತಿಯೂ ಇತ್ತು. ಆದರೆ ಅದು ಹಟವೂ ಆಗಿತ್ತು, ಈಗ ಅದನ್ನು ಬರೀ ಪ್ರೀತಿ ಎಂದು ಕರೆದರೆ ಸುಳ್ಳಾಗುತ್ತದೆ.

ನನಗೆ ನಲವತ್ತು ದಾಟಿದಾಗ ಅಪ್ಪನಿಗೆ ಲಕ್ವಾ ಹೊಡೆಯಿತು. ಮದುವೆಯಾಗದೆ ಅಪ್ಪ ಅವ್ವರ ಜೊತೆಗೇ ಇದ್ದವಳು ನಾನು. ಅಣ್ಣ ಬೆಳಗಾವಿಯಲ್ಲಿ ಸಂಸಾರ ಹೂಡಿದ್ದ. ಊರಿನ ಒಂದು ಸಣ್ಣ ಆಸ್ಪತ್ರೆಗೆ ಸೇರಿಸಿದೆವು. ಅದರ ಹೆಸರು ಬೇಡ, ಅವರದೇನೂ ತಪ್ಪಿಲ್ಲ. ಅಪ್ಪನ ಬಲಭಾಗ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಅಲ್ಲಿ ವಾರ್ಡಿನ ಕೆಲಸಕ್ಕಿದ್ದವರು ಮಲ್ಲಪ್ಪ. ಮುದ್ದೇಬಿಹಾಳ ಕಡೆಯವರು, ಇರುವುದು ಫೋಂಡಾ ಹತ್ತಿರದ ಉಸಗಾಂವದಲ್ಲಿ. ಅಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದವರು, ಗಣಿ ನಿಂತ ಮೇಲೆ ಗುತ್ತಿಗೆದಾರನೊಬ್ಬನ ಕೈಕೆಳಗೆ ಈ ಕೆಲಸಕ್ಕೆ ಸೇರಿದ್ದರು. ಆಗ ನಾನು ಅವರನ್ನು ‘ಅವನು’ ಎನ್ನುತ್ತಿದ್ದೆ. ನನಗಿಂತ ಐದಾರು ವರ್ಷ ಚಿಕ್ಕವರು, ಮೇಲಾಗಿ ಬೆಡ್‌ಪ್ಯಾನ್ ಎತ್ತುವವರು—ನಮ್ಮಂಥವರ ಬಾಯಲ್ಲಿ ಬಹುವಚನ ಅಷ್ಟು ಸುಲಭಕ್ಕೆ ಬರುವುದಿಲ್ಲ.

ಮೊದಲ ದಿನವೇ ಅವರು ಅಪ್ಪನ ಕಿವಿಯ ಹತ್ತಿರ ಬಾಗಿ, “ನೀವು ಹಡಗಕ್ಕ ತುಂಬಿದ ಮಣ್ಣು ನಾನ ಲಾರಿಗೆ ತುಂಬಿ ಕಳಿಸೇನ್ರಿ ಸಾಹೇಬ್ರ,” ಎಂದಿದ್ದರು. ಅಪ್ಪನ ಎಡಗಣ್ಣು ಹೊಳೆಯಿತು. ಆಮೇಲೆ ದಿನಾ ಬೆಳಿಗ್ಗೆ ಅಪ್ಪನ ಗಡ್ಡ ಮಾಡುತ್ತಿದ್ದವರೂ ಅವರೇ. ಅದು ಅವರ ಕೆಲಸದಲ್ಲಿ ಸೇರಿದ್ದಲ್ಲ. ಕೆನ್ನೆ, ಗದ್ದ ಮಾತ್ರ ಬೋಳಿಸಿ, ಮೀಸೆಯನ್ನು ಸಣ್ಣ ಬಾಚಣಿಗೆಯಿಂದ ಬಾಚಿ, ಅಪ್ಪನ ಮುಖದ ಮುಂದೆ ಕನ್ನಡಿ ಹಿಡಿಯುತ್ತಿದ್ದರು. ಒಡೆದ ತುಟಿಗೆ ವ್ಯಾಸಲೀನ್ ಹಚ್ಚುತ್ತಿದ್ದರು.

ನಾನು ಆಗ ಏನು ಮಾಡುತ್ತಿದ್ದೆ? ಮಂಚದ ಪಕ್ಕ ಕೂತು ನೋಡುತ್ತಿದ್ದೆ. ದಿನದಿಂದ ದಿನಕ್ಕೆ ಅಪ್ಪನ ಕೆನ್ನೆ ಇಳಿದು, ಅದುವರೆಗೂ ನನಗೆ ಕಾಣದಿದ್ದ ಎಲುಬು ಮೆಲ್ಲಗೆ ಮೇಲೆ ಬರುತ್ತಿತ್ತು. ಮಗಳ ಕಣ್ಣು ಅದನ್ನು ನೋಡಿ ಹೆದರಿತು. ಇನ್ನೊಂದು ಕಣ್ಣು—ಅದು ಹೆದರಲಿಲ್ಲ. ಎಂಟನೆಯ ದಿನ ನಾನು ಬಜಾರಿಗೆ ಹೋಗಿ, ಮನೆಗಳ ಸೀಲಿಂಗ್ ಕೆಲಸದವರು ಕೊಳ್ಳುವ ಅಂಗಡಿಯಲ್ಲಿ ಪ್ಲಾಸ್ಟರಿನ ಚೀಲವೊಂದನ್ನು ತಂದು, ಸ್ಕೂಟರಿನ ಡಿಕ್ಕಿಯಲ್ಲಿಟ್ಟೆ. ಅಪ್ಪ ಆಗ ಬದುಕಿದ್ದರು. ಇದನ್ನು ನಾನು ಇವತ್ತಿನವರೆಗೆ ಯಾರಿಗೂ, ಮಲ್ಲಪ್ಪನಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಹನ್ನೊಂದನೆಯ ದಿನ ಬೆಳಿಗ್ಗೆ ಏಳೂವರೆಗೆ ಅಪ್ಪ ಹೋದರು. ನಾನು ಅಣ್ಣನಿಗೆ ಫೋನ್ ಮಾಡಿದೆ, ಅವನು ಹೊರಟ. ಅವ್ವನಿಗೆ ಮಾಡಿದೆ. ಕೂಡಲೇ ಬರುತ್ತೇನೆ ಎಂದಳು. ಕಾಗದಪತ್ರದ ಕೆಲಸ ಇದೆ ಅವ್ವಾ, ಪಕ್ಕದ ಮನೆಯವರ ಜೊತೆ ಒಂಬತ್ತೂವರೆಗೆ ಬಾ ಎಂದೆ. ಯಾವ ಕಾಗದಪತ್ರವೂ ಇರಲಿಲ್ಲ.

ಅಷ್ಟರಲ್ಲಿ ಮಲ್ಲಪ್ಪ ಅಪ್ಪನ ಮೈ ಒರೆಸಿ, ಬಿಳಿ ಅಂಗಿ ತೊಡಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ, ಕೊನೆಗೆ ಮೀಸೆ ಬಾಚಿದರು. ಬಾಚಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಮಲಗಿದ ಹಾಗೇ ಇದ್ದಾರೆ ಎಂದರು. ನನಗೆ ಅಪ್ಪನ ಜೊತೆ ಸ್ವಲ್ಪ ಹೊತ್ತು ಒಬ್ಬಳೇ ಇರಬೇಕು ಎಂದೆ.

“ನಾ ಬಾಗಲದಾಗ ಇರ್ತೇನ್ರಿ ಅಕ್ಕಾರ. ಯಾರನ್ನೂ ಬಿಡಂಗಿಲ್ಲ,” ಎಂದು ಹೊರಗೆ ಹೋಗಿ, ತಾವೇ ಬಾಗಿಲು ಎಳೆದುಕೊಂಡರು. ನಾನು ಅದಕ್ಕೂ ಮುಂಚೆಯೇ ಚೀಲವನ್ನು ಮಂಚದ ಕೆಳಗೆ ತಂದಿಟ್ಟಿದ್ದೆ.

ಮುಖದ ಅಚ್ಚು ತೆಗೆಯುವವರಿಗೆ ಗೊತ್ತು—ಕೂದಲಿರುವ ಕಡೆ ಜಿಡ್ಡು ದಪ್ಪಗೆ ಹಚ್ಚಬೇಕು, ಇಲ್ಲದಿದ್ದರೆ ಪ್ಲಾಸ್ಟರ್ ಕೂದಲನ್ನು ಹಿಡಿದುಕೊಳ್ಳುತ್ತದೆ. ಮಲ್ಲಪ್ಪ ಬಿಟ್ಟುಹೋಗಿದ್ದ ವ್ಯಾಸಲೀನ್ ಡಬ್ಬಿ ತಳ ಕಂಡಿತ್ತು. ಇದ್ದದ್ದು ಹುಬ್ಬಿಗೆ, ರೆಪ್ಪೆಗೆ ಸಾಕಾಯಿತು. ಮೀಸೆಗೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಹಚ್ಚಿದೆ. ಅದು ಸಾಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಮೀಸೆಯ ಭಾಗ ಬಿಟ್ಟು ಉಳಿದ ಮುಖದ ಅಚ್ಚು ತೆಗೆಯಬಹುದಿತ್ತು, ಅದೂ ಗೊತ್ತಿತ್ತು. ಆದರೆ ಮೇಲ್ದುಟಿಯೇ ಇಲ್ಲದ ಅಚ್ಚು ಯಾರಿಗೆ ಬೇಕು ಎಂದುಕೊಂಡು, ಬೇಸಿನ್ನಿನಲ್ಲಿ ಪ್ಲಾಸ್ಟರ್ ಕಲಸಿ ಇಡೀ ಮುಖಕ್ಕೆ ಮೆತ್ತಿದೆ.

ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ತಣ್ಣಗಾಗಿದ್ದ ಅಪ್ಪನ ಮುಖ ನನ್ನ ಅಂಗೈಯ ಕೆಳಗೆ ಮತ್ತೆ ಬೆಚ್ಚಗಾಯಿತು. ಆ ಹತ್ತು ನಿಮಿಷ ನಾನು ಅತ್ತೆ. ಅದು ಸುಳ್ಳು ಅಳುವಲ್ಲ. ಹೊರಗೆ ನಿಂತಿದ್ದ ಮಲ್ಲಪ್ಪನಿಗೆ ಅದು ಕೇಳಿಸಿರಬೇಕು.

ಅಚ್ಚು ಎತ್ತಲು ಹೋದಾಗ ಹಣೆ ಬಿಟ್ಟಿತು, ಮೂಗು ಬಿಟ್ಟಿತು, ಕೆನ್ನೆ ಬಿಟ್ಟಿತು. ಮೀಸೆ ಬಿಡಲಿಲ್ಲ. ಎಳೆದರೆ ತುಟಿಯೇ ಮೇಲಕ್ಕೆ ಬರುತ್ತಿತ್ತು. ಅಪ್ಪನ ಸಾಮಾನಿನ ಚೀಲದಲ್ಲಿ ಆ ಬೆರಳುದ್ದದ ಕತ್ತರಿ ಇತ್ತು. ಸಂದಿಯಲ್ಲಿ ತೂರಿಸಿ, ಕಾಣದ ಕಡೆ ಅಂದಾಜಿನಿಂದ ಕತ್ತರಿಸುತ್ತ ಹೋದೆ. ಅಚ್ಚು ಕೈಗೆ ಬಂತು. ಅದರೊಳಗೆ ಅಪ್ಪನ ಮೀಸೆ, ಬೇರು ಸಮೇತ ಕೆಲವು, ಕತ್ತರಿಸಿದವು ಕೆಲವು, ಪ್ಲಾಸ್ಟರಿನಲ್ಲಿ ಹೂತುಕೊಂಡು ಕೂತಿತ್ತು. ಮುಖದ ಮೇಲೆ ಉಳಿದದ್ದು ಇಲಿ ಕಡಿದ ಕಂಬಳಿಯಂತೆ. ಅದನ್ನು ಹಾಗೆ ಬಿಡುವಂತಿರಲಿಲ್ಲ. ರೇಜರ್ ತೆಗೆದುಕೊಂಡೆ.

ತಂದೆ ಸತ್ತಾಗ ಮಗ ಮೀಸೆ ತೆಗೆಸುವುದು ನಮ್ಮಲ್ಲಿ ಪದ್ಧತಿ. ಸತ್ತ ತಂದೆಯ ಮೀಸೆಯನ್ನು ಮಗಳು ತೆಗೆಯುವುದು ಯಾರ ಪದ್ಧತಿಯೂ ಅಲ್ಲ. ಜೀವಮಾನದಲ್ಲಿ ಮೊದಲ ಸಲ ನಾನು ಅಪ್ಪನ ಮೇಲ್ದುಟಿ ನೋಡಿದೆ. ತೆಳ್ಳಗಿತ್ತು, ನಡುವೆ ಸಣ್ಣ ತಗ್ಗು. ಆ ತಗ್ಗಿನ ಆಳವನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ. ಇಂಥ ಹೊತ್ತಿನಲ್ಲೂ ಗುರುತು ಹಾಕಿಕೊಂಡೆ.

ಅಚ್ಚನ್ನು ಟವೆಲ್ಲಿನಲ್ಲಿ ಸುತ್ತಿ ಚೀಲದೊಳಗಿಟ್ಟು, ಮುಖ ಒರೆಸಿ, ಬೇಸಿನ್ನಿನ ಬಿಳಿ ನೀರು ಚೆಲ್ಲಿ ಬಾಗಿಲು ತೆಗೆಯುವಷ್ಟರಲ್ಲಿ ಅವ್ವ ಬಂದಳು. ಅಪ್ಪನ ಮುಖದ ಮೇಲೆ ನಾನು ಹೊದಿಸಿದ್ದ ಬಟ್ಟೆ ಸರಿಸಿದಳು. ಅಳಲಿಲ್ಲ. ಬೆರಳುಗಳನ್ನು ಅಪ್ಪನ ತುಟಿಯ ಮೇಲೆ ಇಟ್ಟು, ಕನ್ನಡಕ ಎಲ್ಲಿಟ್ಟೆ ಎಂದು ಕೇಳುವ ದನಿಯಲ್ಲಿ, “ಮೀಸಿ ಎಲ್ಲಿ?” ಎಂದಳು.

“ಮಲ್ಲಪ್ಪ ತಗದಾನವ್ವಾ. ಗಡ್ಡ ಮಾಡಾಕ ಹೋಗಿ.”

ಇದು ನನ್ನ ಮಾತು. ಯಾರೂ ನನ್ನ ಬಾಯಿಂದ ಕಸಿದುಕೊಂಡದ್ದಲ್ಲ. ಯೋಚಿಸಲು ಸಮಯ ಇರಲಿಲ್ಲ ಎಂದೂ ಹೇಳಲಾರೆ, ರೇಜರ್ ತೊಳೆಯುವಾಗಲೇ ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು.

ಮಲ್ಲಪ್ಪ ಬಾಗಿಲಲ್ಲೇ ನಿಂತಿದ್ದರು. ಅಪ್ಪನ ಮುಖ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈ ನೋಡಿದರು. ಬೆರಳ ಸಂದಿಯಲ್ಲಿ ಬಿಳಿ ಪ್ಲಾಸ್ಟರ್ ಒಣಗಿ ಬಿರುಕು ಬಿಟ್ಟಿತ್ತು. ಈಗ ಹೇಳಿಬಿಡುತ್ತಾರೆ ಎಂದುಕೊಂಡೆ. ಹೇಳಲಿ ಎಂದೂ ಅನ್ನಿಸಿತು—

“ತಪ್ಪಾತ್ರಿ ಅವ್ವಾರ,” ಎಂದರು ಮಲ್ಲಪ್ಪ.

ಅವ್ವ ಅವರ ಕಡೆ ತಿರುಗಿದಳು. “ನಲವತ್ತೈದು ವರ್ಷ ಈ ಮೀಸಿ ನೋಡಿ ಬಾಳೇ ಮಾಡೇನೋ. ಕಡೀಸಲ ನೋಡಾಕೂ ಬಿಡಲಿಲ್ಲಲ್ಲ ನೀ.”

ಅವರು ತಲೆ ತಗ್ಗಿಸಿ ನಿಂತರು. ನಾನು ಅವರ ಎದುರಿಗೇ ನಿಂತಿದ್ದೆ.

ಮಧ್ಯಾಹ್ನ ಅಣ್ಣ ಬಂದ. ಅಪ್ಪನನ್ನು ನೋಡಿ, ಅವ್ವನ ಮಾತು ಕೇಳಿ, ಹೊರಗೆ ಹೋಗಿ ಮಲ್ಲಪ್ಪನ ಕೊರಳಪಟ್ಟಿ ಹಿಡಿದ. ಅಣ್ಣ ಅಂಥ ಮನುಷ್ಯನಲ್ಲ. ಆ ದಿನ ಅವನನ್ನು ಅಂಥವನಾಗಿ ಮಾಡಿದ್ದು ನನ್ನ ಮಾತು. ಆಸ್ಪತ್ರೆಯ ಪಡಸಾಲೆಯಲ್ಲಿ ಜನ ಕೂಡಿದರು. ಅವರಲ್ಲಿ ಉಸಗಾಂವದ ಕನ್ನಡದವರೂ ಇದ್ದರು. ಅಣ್ಣ ಬೈದದ್ದು ಕನ್ನಡದಲ್ಲಿ. ಆಮೇಲೆ ಕಚೇರಿಯಲ್ಲಿ ನನ್ನನ್ನೂ ಕರೆದು, ಆತನೇ ಮಾಡಿದ್ದು ಹೌದೇ ಎಂದು ಕೇಳಿದರು. ನಾನು ತಲೆಯಾಡಿಸಿದೆ. ಹಾಗೆ, ಒಂದೇ ದಿನದಲ್ಲಿ ಎರಡು ಸಲ. ಮರುವಾರ ಮರಣಪತ್ರಕ್ಕೆಂದು ಹೋದಾಗ ಕೌಂಟರಿನ ಹುಡುಗಿ ನನಗೆ ಸಮಾಧಾನ ಹೇಳುವವಳ ಹಾಗೆ, ಆ ಮನುಷ್ಯನನ್ನು ಗುತ್ತಿಗೆದಾರರು ಕೆಲಸದಿಂದ ತೆಗೆದರು ಮೇಡಂ ಎಂದಳು. ನಾನು ಪತ್ರ ತೆಗೆದುಕೊಂಡು ಮನೆಗೆ ಬಂದೆ.

ಮೂರು ತಿಂಗಳು ಬೇರೆ ಕೆಲಸ ಮುಟ್ಟಲಿಲ್ಲ. ಸತ್ತ ಮುಖದ ಅಚ್ಚು ತಾನಾಗಿಯೇ ಪ್ರತಿಮೆಯಾಗುವುದಿಲ್ಲ. ಮಲಗಿದ ಮುಖದಲ್ಲಿ ಮಾಂಸ ಹಿಂದಕ್ಕೆ ಸರಿದಿರುತ್ತದೆ, ಕಣ್ಣು ಮುಚ್ಚಿರುತ್ತದೆ. ಅದನ್ನು ಎಬ್ಬಿಸಿ ಕೂರಿಸಬೇಕು, ಕೆನ್ನೆಯನ್ನು ಅದರ ಜಾಗಕ್ಕೆ ತರಬೇಕು, ಕಣ್ಣು ತೆರೆಸಬೇಕು. ಆದರೆ ಎಲುಬು ಈಗ ನನ್ನ ಕೈಯಲ್ಲಿತ್ತು. ಕೊನೆಯ ವಾರ ಮಣ್ಣಿನಲ್ಲಿ ಮೀಸೆ ಮಾಡಿದೆ, ಎಡತುದಿ ಬಲತುದಿಗಿಂತ ಒಂದು ಎಳೆ ಮೇಲೆ, ಅಪ್ಪ ನಗುವ ಮೊದಲು ಏಳುತ್ತಿದ್ದ ಹಾಗೆ. ಆ ಪ್ರತಿಮೆ ಚೆನ್ನಾಗಿದೆ. ನನ್ನ ಎಲ್ಲ ಕೆಲಸಗಳಲ್ಲಿ ಅದೇ ಒಳ್ಳೆಯದು. ತಪ್ಪಿನಿಂದ ಹುಟ್ಟಿದ್ದು ಎಂಬ ಕಾರಣಕ್ಕೆ ಅದನ್ನು ಕೆಟ್ಟದ್ದೆಂದು ಹೇಳಿದರೆ ಅದು ಇನ್ನೊಂದು ನಾಟಕವಾಗುತ್ತದೆ.

ಪಣಜಿಯಲ್ಲಿ ಒಂದು ಪ್ರದರ್ಶನದಲ್ಲಿ ಅದನ್ನಿಟ್ಟಾಗ ಅಪ್ಪನ ಹಳೆಯ ಸಹೋದ್ಯೋಗಿಗಳು ಬಂದು, ಅದರ ಮುಂದೆ ನಿಂತು ಟೋಪಿ ತೆಗೆದರು. ಯಾವ ಫೋಟೋ ನೋಡಿ ಮಾಡಿದಿರಿ ಎಂದು ಒಬ್ಬರು ಕೇಳಿದರು. ಫೋಟೋ ಇಲ್ಲ, ನೆನಪಿನಿಂದಲೇ ಮಾಡಿದ್ದು ಎಂದೆ. ಅಲ್ಲಿಂದಲೇ ನನಗೆ ದೊಡ್ಡ ಕೆಲಸಗಳು ಬರತೊಡಗಿದವು. ನೆನಪಿನಿಂದ ಅಪ್ಪನನ್ನು ಎಬ್ಬಿಸಿದ ಮಗಳು ಎಂದು ಜನ ಹೇಳುತ್ತಿದ್ದರು, ನಾನು ತಿದ್ದಲಿಲ್ಲ.

ಕಂಚಿನ ಪ್ರತಿಮೆಯನ್ನು ನಮ್ಮ ಮನೆಯ ಪಡಸಾಲೆಯಲ್ಲಿಟ್ಟೆವು. ಅವ್ವ ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು, ಒದ್ದೆ ಬಟ್ಟೆಯಿಂದ ಅದನ್ನು ಒರೆಸುತ್ತಿದ್ದಳು. ಮೀಸೆಯ ಹತ್ತಿರ ಕೈ ನಿಧಾನವಾಗುತ್ತಿತ್ತು. ಇಲ್ಲಾದರೂ ಐತಲ್ಲ ಎನ್ನುತ್ತಿದ್ದಳು—ನನಗಲ್ಲ, ತನ್ನಷ್ಟಕ್ಕೆ. ಅವ್ವ ಯಾರಿಗೂ ಶಾಪ ಹಾಕಿದವಳಲ್ಲ. ಆದರೆ ವರ್ಷಕ್ಕೊಮ್ಮೆ, ಅಪ್ಪನ ತಿಥಿಯ ದಿನ, ಎಡೆ ಬಡಿಸುವಾಗ ಆ ವಾರ್ಡಿನವನ ಕೈಯನ್ನು ನೆನೆಯುತ್ತಿದ್ದಳು. ಆ ಕೈಗೆ ಒಳ್ಳೆಯದಾಗದಿರಲಿ ಎನ್ನುತ್ತಿದ್ದಳು. ಅದೇ ಕೈ ಆಗ ಅವಳ ಪಕ್ಕದಲ್ಲಿ ನಿಂತು ಎಲೆಗೆ ತುಪ್ಪ ಹಾಕುತ್ತಿತ್ತು.

ಒಮ್ಮೆ ಹೇಳುವ ಹತ್ತಿರ ಬಂದಿದ್ದೆ. ಅವ್ವನ ತಲೆ ಬಾಚುತ್ತಿದ್ದೆ. ‘ಅವ್ವಾ, ಅಪ್ಪನ ಮೀಸಿ—’ ಎಂದೆ. ‘ಆ ಮಾತು ತಗೀಬ್ಯಾಡ’ ಎಂದಳು. ನಾನು ತೆಗೆಯಲಿಲ್ಲ. ಅವ್ವ ಬೇಡವೆಂದಳು, ಅದಕ್ಕೇ ಹೇಳಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಎರಡು ವರ್ಷದ ಹಿಂದೆ ಅವ್ವ ತೀರಿಕೊಂಡಳು.

ಈ ವರ್ಷ ಮಳೆಗಾಲ ಶುರುವಾಗುವ ಮುಂಚೆ ಶೆಡ್ಡಿನ ಮೇಲಿನ ಪತ್ರಾಸು ತಗಡು ಬದಲಿಸಲು ಉಸಗಾಂವದಿಂದ ಇಬ್ಬರು ಕೆಲಸದವರು ಬಂದರು, ಇಬ್ಬರೂ ನಮ್ಮ ಕಡೆಯವರೇ. ಚಹಾ ಕೊಡುವಾಗ, ನಾಳೆ ಇನ್ನೊಬ್ಬ ಆಳು ಬೇಕಾಗುತ್ತದೆ ಎಂದು ಮಾತಾಡಿಕೊಳ್ಳುತ್ತಿದ್ದರು. ಮೀಸಿಗಳ್ಳನ್ನ ಕರಿಯೋಣೇನು ಎಂದ ಒಬ್ಬ. ಇನ್ನೊಬ್ಬ ನಕ್ಕ. ಅದೆಂಥ ಹೆಸರು ಎಂದು ಕೇಳಿದೆ.

ನನ್ನ ಸುಳ್ಳನ್ನು ಅವರು ನನಗೇ ಹೇಳಿದರು. ಒಂಬತ್ತು ವರ್ಷದಲ್ಲಿ ಅದು ಬೆಳೆದಿತ್ತು. ಮಲ್ಲಪ್ಪ ಎಂಬವನು ಆಸ್ಪತ್ರೆಯಲ್ಲಿ ಸತ್ತ ದೊಡ್ಡ ಸಾಹೇಬನೊಬ್ಬನ ಮೀಸೆ ಬೋಳಿಸಿ, ಮಾಟ ಮಾಡುವವರಿಗೆ ತಾಯತಕ್ಕೆಂದು ಕೊಟ್ಟನಂತೆ. ಮೊದಲೆಲ್ಲ ಅವರ ಓಣಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಗಡ್ಡ ಮಾಡಲು, ಯಾರಾದರೂ ಸತ್ತರೆ ಮೈ ತೊಳೆಯಲು ಮೊದಲು ಕರೆಯುತ್ತಿದ್ದದ್ದು ಅವನನ್ನೇ. ಈಗ ಯಾರೂ ಕರೆಯುವುದಿಲ್ಲ. “ಖರೇನೋ ಸುಳ್ಳೋ ಗೊತ್ತಿಲ್ರಿ. ಹೆಸರಂತೂ ಅಂಟೇತಿ,” ಎಂದು ಒಬ್ಬ ಚಹಾದ ಲೋಟ ಕೆಳಗಿಟ್ಟ.

ಕೆಲಸ ಹೋಗಿದ್ದು ನನಗೆ ಗೊತ್ತಿತ್ತು. ಬೇರೆ ಕೆಲಸ ಸಿಕ್ಕಿರುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಹೆಸರು ಹೋಗಿದ್ದು ಗೊತ್ತಿರಲಿಲ್ಲ. ಮರುದಿನ ಅವರು ಮಲ್ಲಪ್ಪನನ್ನು ಕರೆತರಲಿಲ್ಲ, ಬೇರೆ ಯಾರನ್ನೋ ಕರೆತಂದರು. ಅದರ ಮರುದಿನ ನಾನೇ ಉಸಗಾಂವಕ್ಕೆ ಹೋದೆ.

ಸಾಲು ಕೋಣೆಗಳಲ್ಲಿ ಕೊನೆಯದು ಅವರದು. ಮಲ್ಲಪ್ಪ ಹೊಸ್ತಿಲ ಹೊರಗೆ ಕೂತು ಹಳೆಯ ಫ್ಯಾನೊಂದನ್ನು ಬಿಚ್ಚುತ್ತಿದ್ದರು. ತಲೆ ನರೆತಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಎದ್ದು ನಿಂತು, ಬರ್ರಿ ಅಕ್ಕಾರ ಎಂದರು. ಅವರ ಹೆಂಡತಿ ಯಲ್ಲವ್ವ ನೀರು ತಂದುಕೊಟ್ಟರು. ಲೋಟ ಕೈಯಲ್ಲಿ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಬಾಗಿಲು ಮುಚ್ಚಿದ್ದು, ಅಚ್ಚು, ಕತ್ತರಿ, ರೇಜರ್, ಕಚೇರಿಯಲ್ಲಿ ತಲೆಯಾಡಿಸಿದ್ದು.

“ಗೊತ್ತಿತ್ರಿ,” ಎಂದರು ಮಲ್ಲಪ್ಪ. “ಬಾಗಲದಾಗ ನಾನ ನಿಂತಿದ್ದೆ ಅಲ್ರಿ.”

ಹಾಗಾದರೆ ಯಾಕೆ ಒಪ್ಪಿಕೊಂಡಿರಿ ಎಂದು ಕೇಳಿದೆ. ಫ್ಯಾನಿನ ತಿರುಪುಗಳನ್ನು ಒಂದೊಂದಾಗಿ ಒಂದು ಮುಚ್ಚಳದಲ್ಲಿ ಹಾಕಿದರು.

“ಗಂಡನ್ನ ಕಳಕೊಂಡು ನಿಂತಿದ್ರು ಅವ್ವಾರು. ಆ ಹೊತ್ತಿನ್ಯಾಗ ನಿಮ್ಮ ಮಗಳ ಹಿಂಗ ಮಾಡ್ಯಾಳ ಅಂತ ಹ್ಯಾಂಗ ಹೇಳೂದ್ರಿ? ಒಂದ ದಿವಸ ನನ್ನ ಮ್ಯಾಲ ಇರ್ಲಿ ಅಂತ ಹೊತ್ಕೊಂಡೆ. ನಾಳಿ ನೀವ ಹೇಳ್ತೀರಿ ಅಂತ ತಿಳದಿದ್ದೆ.”

ಒಂದು ದಿನ. ನಾನು ಅವರ ಬಾಯಿಯಿಂದ ಬೈಗುಳ ಬರಲೆಂದು ಸಿದ್ಧಳಾಗಿ ಹೋಗಿದ್ದೆ. ಇದಕ್ಕೆ ಸಿದ್ಧಳಾಗಿರಲಿಲ್ಲ.

ಯಲ್ಲವ್ವ ಮಾತ್ರ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಉಳಿದದ್ದನ್ನು ಹೇಳಿದರು. ಮಗಳಿಗೆ ಬಂದ ಎರಡು ಸಂಬಂಧಗಳಲ್ಲಿ ಈ ಹೆಸರು ಎದ್ದದ್ದು. ಗಂಡ ಹಬ್ಬದ ದಿನ ಮಂದಿಯ ನಡುವೆ ಕೂರುವುದನ್ನು ಬಿಟ್ಟದ್ದು. ದನಿ ಏರಿಸಲಿಲ್ಲ. ಇವರು ನನಗೂ ನಿಮ್ಮ ಹೆಸರು ಹೇಳಿರಲಿಲ್ಲ ಎಂದರು. ನಾನೇನು ಮಾಡಲಿ ಎಂದು ಮಲ್ಲಪ್ಪನನ್ನು ಕೇಳಿದೆ.

“ಬೈದದ್ದು ಮಂದಿ ಮುಂದ ಆತ್ರಿ,” ಎಂದರು. “ಇದೂ ಮಂದಿ ಮುಂದ ಆಗ್ಲಿ.”

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಅವರು ಅದನ್ನೂ ನನ್ನ ಸಲುವಾಗಿ ಹೊತ್ತುಕೊಳ್ಳುತ್ತಿದ್ದರೇನೋ—

ಬೆಳಗಾವಿಗೆ ಹೋಗಿ ಅಣ್ಣನಿಗೆ ಹೇಳಿದೆ. ಕೂದಲಿನ ಸಮೇತ ಹಾಗೇ ಇಟ್ಟಿದ್ದ ಅಚ್ಚನ್ನು ಅವನ ಮುಂದಿಟ್ಟೆ. ಅವನು ಅದನ್ನು ಬಹಳ ಹೊತ್ತು ನೋಡಿದ. ಅವ್ವನಿಗೆ ಗೊತ್ತಿತ್ತೇನು ಎಂದು ಕೇಳಿದ. ಇಲ್ಲ ಎಂದೆ. ಅಚ್ಚನ್ನು ಎತ್ತಿಕೊಂಡು ಒಳಗೆ ಹೋದ, ನಾನಿರುವವರೆಗೂ ಹೊರಗೆ ಬರಲಿಲ್ಲ. ಅದನ್ನು ಏನು ಮಾಡಿದನೋ ನಾನು ಕೇಳಿಲ್ಲ. ಕೇಳುವ ಹಕ್ಕು ನನಗಿಲ್ಲ.

ಉಸಗಾಂವದ ಕನ್ನಡದವರು ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಒಂದು ಪತ್ರಾಸಿನ ಶೆಡ್ಡಿನಲ್ಲಿ ಭಜನೆಗೆ ಕೂಡುತ್ತಾರೆ. ಅಲ್ಲಿಯ ಹಿರಿಯರನ್ನು ಕಂಡು, ಮಾತಾಡಲು ಹತ್ತು ನಿಮಿಷ ಕೇಳಿಕೊಂಡೆ. ಆ ದಿನ ಮಲ್ಲಪ್ಪ ಬರಲಿಲ್ಲ. ಯಲ್ಲವ್ವ ಮಗಳನ್ನು ಕರೆದುಕೊಂಡು ಬಂದು ಎಲ್ಲರಿಗಿಂತ ಮುಂದೆ ಕೂತರು. ದಿನ ತಿಳಿಸಿ ಬರೆದಿದ್ದೆ, ಅಣ್ಣನೂ ಬಂದಿದ್ದ; ನನ್ನ ಹತ್ತಿರ ಬರದೆ, ಗಂಡಸರ ನಡುವೆ ನೆಲದ ಮೇಲೆ ಕೂತ. ಸಭೆ ಮುಗಿದ ಮೇಲೆ ಅವನು ಒಬ್ಬನೇ ಮಲ್ಲಪ್ಪನ ಮನೆಗೆ ಹೋಗಿದ್ದನೆಂದು ಆಮೇಲೆ ತಿಳಿಯಿತು. ನನ್ನ ಜೊತೆ ಅವನು ಇನ್ನೂ ಮಾತಾಡಿಲ್ಲ.

ಭಜನೆ ಮುಗಿಯಿತು. ಎದ್ದು ನಿಂತು ಹೇಳಿದೆ, ಇಲ್ಲಿ ನಿಮಗೆ ಹೇಳಿದ ಹಾಗೆಯೇ, ಮೊದಲಿನ ಮಾತನ್ನು ಮೊದಲು. ಮುಗಿಸಿದ ಮೇಲೆ ಒಬ್ಬ ಮುದುಕರು, ಹಂಗಾದ್ರ ಮಲ್ಲಪ್ಪ ಏನೂ ಮಾಡಿಲ್ಲೇನವಾ ಎಂದು ಕೇಳಿದರು. ಏನೂ ಮಾಡಿಲ್ಲ, ಮಾಡಿದ್ದು ನಾನು ಎಂದೆ. ನನ್ನ ಕೆಲಸ ಆಯಿತೆಂದು ಕೂರಲು ಹೋದೆ.

ಯಲ್ಲವ್ವ ಕೂತಲ್ಲಿಂದಲೇ ತಲೆ ಎತ್ತಿದರು.

“ಇನ್ನೊಮ್ಮೆ ಹೇಳ್ರಿ,” ಎಂದರು. “ಹಿಂದ ಕುಂತವರಿಗೆ ಕೇಳಿಲ್ಲ.”

ನಾನು ಮತ್ತೆ ಎದ್ದು ನಿಂತೆ. ಕೊನೆಯ ಸಾಲಿನವರ ಕಡೆ ಮುಖ ಮಾಡಿ, ಮೊದಲಿನಿಂದ, ಗಟ್ಟಿಯಾಗಿ ಹೇಳಿದೆ. ಮಂದಿ ಮುಂದೆ ಹೇಳುವುದು, ಈಗ ಇಲ್ಲಿ ಬರೆದದ್ದು ಮೂರನೆಯ ಸಲ. ಇನ್ನೂ ಕೇಳದವರು ಯಾರಾದರೂ ಇದ್ದರೆ ಅವರ ಮನೆ ಬಾಗಿಲಿಗೇ ಹೋಗಿ ಹೇಳುತ್ತೇನೆ. ಎಲ್ಲರಿಗಿಂತ ಮೊದಲು ಕೇಳಬೇಕಾಗಿದ್ದವಳು ಅವ್ವ. ಅಪ್ಪ ಹೋದ ಮೇಲೆ ಏಳು ವರ್ಷ ನನ್ನ ಜೊತೆ ಒಂದೇ ಮನೆಯಲ್ಲಿದ್ದಳು. ಅವಳಿಗೆ ಒಮ್ಮೆಯೂ ಹೇಳಲಿಲ್ಲ.